ಅಘನಾಶಿನಿ ಅಳಿವೆಯಲ್ಲಿ ಮಕ್ಕಳ ಜೊತೆ

ಹೈಸ್ಕೂಲ್ ಮಕ್ಕಳ ಜೊತೆ ಕುಮಟಾ ಹತ್ತಿರ, ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯಲ್ಲಿದ್ದೇನೆ. ಹಗಲು ಹಾಯಿ ದೋಣಿ, ರಾತ್ರಿ ದಡದಲ್ಲಿ ಟೆಂಟು. ಗಾಳಿ ನಿಂತರೆ ಹುಟ್ಟು ಹಾಕೋದು ಮಕ್ಕಳೇ.

ಇವತ್ತು ಇಳಿತದ ಹೊತ್ತಿಗೆ ಎಲ್ಲರೂ ಕೆಸರಿಗಿಳಿದು ಬಳಚು (ಎರಡು ಚಿಪ್ಪಿನ ಜೀವಿ) ಹೆಕ್ಕಿದರು. ಒಂದಿಷ್ಟನ್ನು ಕದಡಿದ ನೀರಿನ ಬಾಟಲಿಗೆ ಹಾಕಿಟ್ಟೆವು. ಪಕ್ಕದಲ್ಲಿ ಬರೀ ಕದಡಿದ ನೀರಿನ ಇನ್ನೊಂದು ಬಾಟಲಿ. ಊಟ ಮುಗಿಸಿ ಬಂದು ನೋಡಿದರೆ ಬಳಚು ಇದ್ದ ನೀರು ಎಷ್ಟೋ ತಿಳಿಯಾಗಿತ್ತು! ನೀರು ಸೋಸಿಯೇ ಅಲ್ವಾ ಅವು ಹೊಟ್ಟೆ ಹೊರೆಯೋದು. ಮಕ್ಕಳು ಬಾಟಲಿ ಬಿಟ್ಟು ಕದಲಲಿಲ್ಲ.

ಈ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ಶಿರಸಿ ಕಡೆಯ ಮಳೆನೀರು ಇಲ್ಲಿ ಕಡಲಿನ ಉಪ್ಪುನೀರಿಗೆ ಸೇರುತ್ತದೆ. ಬಳಚು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ, ಗಜನಿ ಅನ್ನೋ ಉಪ್ಪುನೀರಿನ ಗದ್ದೆಯ ಕಗ್ಗ ತಳಿಯ ಭತ್ತ ಎಲ್ಲ ಆ ಬೆರಕೆಯಲ್ಲೇ ಬದುಕುತ್ತವೆ. 2024ರಲ್ಲಿ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದ್ದು ಖುಷಿಯೇ. ಆದರೆ ಅಳಿವೆ ಉಳಿಸೋ ವಿಷಯದಲ್ಲಿ ನನಗೆ ಪಟ್ಟಿಗಿಂತ ಈ ಮಕ್ಕಳ ಮೇಲೆ ಜಾಸ್ತಿ ನಂಬಿಕೆ. ನಾಳೆ ತದಡಿ ಕಡೆಗೆ ಹೊರಡುತ್ತೇವೆ.