ಕಪ್ಪು ಬೆಝಲ್ ಮಾಸಿಸುವ ಕೆಲಸ: ಒಂದು ಛಾಯೆ ಮೊದಲೇ ಎತ್ತಿ

ಹಳೆಯ ರೋಲೆಕ್ಸ್ ಸಬ್‌ಮರಿನರ್ 5513, 1680 ಮಾದರಿಯ ವಾಚುಗಳನ್ನು ನೋಡಿದವರಿಗೆ ಆ ಬಣ್ಣ ಗೊತ್ತು. ಬೆಝಲ್‌ನ, ಅಂದರೆ ಡಯಲಿನ ಸುತ್ತ ತಿರುಗುವ ನಿಮಿಷದ ಅಂಕಿಗಳ ಬಳೆಯ, ಕಪ್ಪು ಮಾಸಿ, ಒರೆಸಿಟ್ಟ ಸ್ಲೇಟಿನ ಹಾಗೆ ಬೂದಿಯಾಗಿರುತ್ತದೆ. ಸಂಗ್ರಾಹಕರು ಅದನ್ನು ಘೋಸ್ಟ್ ಬೆಝಲ್ ಅನ್ನುತ್ತಾರೆ. ವರ್ಷಗಟ್ಟಲೆ ಬಿಸಿಲು ಮಾಡಿದ ಆ ಕೆಲಸಕ್ಕೆ ಹತ್ತಿರದ್ದನ್ನು ಬಟ್ಟೆಯ ಬ್ಲೀಚ್‌ನಿಂದ ಒಂದೇ ಮಧ್ಯಾಹ್ನದಲ್ಲಿ ತರಬಹುದು. ಹೊಸ ಇನ್ಸರ್ಟ್ (ಬೆಝಲ್ ಮೇಲೆ ಅಂಟಿಸುವ, ಅಂಕಿಗಳಿರುವ ತೆಳು ತಟ್ಟೆ) ಸುಲಭವಾಗಿ ಸಿಗುವ ಸೀಕೋ ಎಸ್‌ಕೆಎಕ್ಸ್007 ಇದಕ್ಕೆ ಒಳ್ಳೆಯ ವಾಚು. ವಾಚಿನ ಜೊತೆ ಬಂದ ಮೂಲ ಇನ್ಸರ್ಟನ್ನು ಮಾತ್ರ ಬ್ಲೀಚ್‌ಗೆ ಹಾಕಬೇಡಿ, ಬಿಚ್ಚಿ ತೆಗೆದಿಡಿ. ಒಮ್ಮೆ ಹೋದ ಬಣ್ಣ ವಾಪಸ್ ಬರುವುದಿಲ್ಲ.

ಮೊದಲು ಇನ್ಸರ್ಟ್ ಯಾವುದರದ್ದು ಅಂತ ನೋಡಿಕೊಳ್ಳಿ. ಸೆರಾಮಿಕ್ ಮಾಸುವುದೇ ಇಲ್ಲ. ಬೇಕಾಗಿರುವುದು ಆನೊಡೈಸ್ ಮಾಡಿದ, ಅಂದರೆ ವಿದ್ಯುತ್ತಿನಿಂದ ಮೇಲೆ ಆಕ್ಸೈಡ್ ಪದರ ಬೆಳೆಸಿದ, ಅಲ್ಯೂಮಿನಿಯಂ. ಅದರ ಮೇಲೆ ಪೇಂಟ್ ಇರುವುದಿಲ್ಲ. ಆಕ್ಸೈಡ್ ಪದರದ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳೊಳಗೆ ಬಣ್ಣ ಕೂತಿರುತ್ತದೆ. ಅಗ್ಗದ ಇನ್ಸರ್ಟುಗಳಲ್ಲಿ ಕೆಲವಕ್ಕೆ ಬರೀ ಪೇಂಟ್ ಹೊಡೆದಿರುತ್ತಾರೆ. ಅಸಿಟೋನ್ ಅದ್ದಿದ ಇಯರ್ ಬಡ್‌ನಿಂದ ಒಳಅಂಚನ್ನು ಉಜ್ಜಿ: ಹತ್ತಿ ಕಪ್ಪಾದರೆ ಅದು ಪೇಂಟ್, ಈ ಕೆಲಸಕ್ಕೆ ಬಾರದು.

12ರ ಜಾಗದ ಹೊಳೆಯುವ ಚುಕ್ಕೆಯನ್ನು ಹಿಂದಿನಿಂದ ಹಲ್ಲುಕಡ್ಡಿಯಲ್ಲಿ ಮೆಲ್ಲಗೆ ಒತ್ತಿ ತೆಗೆದಿಟ್ಟುಕೊಳ್ಳಿ. ಹಿಂಬದಿಯ ಅಂಟನ್ನು ಅಸಿಟೋನ್‌ನಲ್ಲಿ ಒರೆಸಿ, ಪಾತ್ರೆ ತೊಳೆಯುವ ಸೋಪು ಹಾಕಿ ಎರಡೂ ಬದಿ ತೊಳೆಯಿರಿ. ಆಮೇಲೆ ಮುಖಕ್ಕೆ ಬೆರಳು ತಾಗಿಸಬೇಡಿ. ಬೆರಳಿನ ಜಿಡ್ಡು ಇದ್ದಲ್ಲಿ ಬ್ಲೀಚ್ ತಡವಾಗಿ ಹಿಡಿಯುತ್ತದೆ, ಬೆರಳಚ್ಚು ಹಾಗೇ ಕಪ್ಪಾಗಿ ಉಳಿಯುತ್ತದೆ. ಗೀರು ಬೇಕಿದ್ದರೆ ಈಗಲೇ, 0000 ನಂಬರಿನ ಸ್ಟೀಲ್ ವುಲ್‌ನಿಂದ ಹೊರಅಂಚಿನ ಸುತ್ತ ಎರಡು ಮೂರು ಸಲ ಸವರಿದರೆ ಸಾಕು. ಬ್ಲೀಚ್ ಆದ ಮೇಲೆ ಗೀರಿದರೆ ಹೊಸ ಲೋಹ ಬೆಳ್ಳಗೆ ಹೊಳೆದು ಗುಟ್ಟು ರಟ್ಟಾಗುತ್ತದೆ.

ಶೇ. 4ರಿಂದ 6 ಸೋಡಿಯಂ ಹೈಪೊಕ್ಲೋರೈಟ್ ಇರುವ ಬ್ಲೀಚ್ 50 ಮಿ.ಲೀ., ನೀರು 50 ಮಿ.ಲೀ., ಒಂದು ಗಾಜಿನ ಬಟ್ಟಲು. ನೀರು ತಣ್ಣಗಿರಲಿ, ಬಿಸಿಯಾದಷ್ಟೂ ವೇಗ ಹೆಚ್ಚಿ ಹಿಡಿತ ತಪ್ಪುತ್ತದೆ. ಕಿಟಕಿ ತೆರೆದಿಡಿ, ಕೈಗವಸು, ಕನ್ನಡಕ ಹಾಕಿಕೊಳ್ಳಿ. ಆ ಬಟ್ಟಲಿಗೆ ವಿನಿಗರ್, ಟಾಯ್ಲೆಟ್ ತೊಳೆಯುವ ಆಸಿಡ್ ಯಾವ ಕಾರಣಕ್ಕೂ ಬೀಳಬಾರದು: ಹುಟ್ಟುವುದು ಕ್ಲೋರಿನ್ ಅನಿಲ, ಅದು ಶ್ವಾಸಕೋಶವನ್ನೇ ಸುಡುತ್ತದೆ.

ಇನ್ಸರ್ಟಿಗೆ ನೈಲಾನ್ ದಾರ ಕಟ್ಟಿ ಮುಳುಗಿಸಿ, ನಿಲ್ಲಿಸದೆ ಆಡಿಸುತ್ತಿರಿ. ಸುಮ್ಮನೆ ಬಿಟ್ಟರೆ ಗುಳ್ಳೆ ಅಂಟಿದಲ್ಲೆಲ್ಲ ದುಂಡನೆಯ ಕಪ್ಪು ಚುಕ್ಕೆ ಉಳಿಯುತ್ತದೆ. ಪ್ರತಿ 30 ಸೆಕೆಂಡಿಗೆ ಎತ್ತಿ, ನೀರಲ್ಲಿ ಅದ್ದಿ, ಬೆಳಕಿಗೆ ಹಿಡಿದು ನೋಡಿ. ಎಷ್ಟು ನಿಮಿಷ ಅಂತ ಕೇಳಿದರೆ ಒಂದೇ ಉತ್ತರವಿಲ್ಲ. ಒಂದು ಇನ್ಸರ್ಟ್ ಮೂರು ನಿಮಿಷಕ್ಕೆ ತಿರುಗಿದರೆ ಇನ್ನೊಂದು ಇಪ್ಪತ್ತು ನಿಮಿಷ ಜಗ್ಗುವುದಿಲ್ಲ. ಬಣ್ಣ ಯಾವುದು, ರಂಧ್ರಗಳನ್ನು ಎಷ್ಟು ಬಿಗಿಯಾಗಿ ಮುಚ್ಚಿದ್ದಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹಾಗಾಗಿ ಒಂದೇ ಕಡೆಯಿಂದ ಎರಡು ಕೊಂಡು ಮೊದಲನೆಯದನ್ನು ಪರೀಕ್ಷೆಗೇ ಬಿಡಿ.

ಎಲ್ಲರೂ ಎಡವುವುದು ಇಲ್ಲೇ. ಒದ್ದೆ ಇನ್ಸರ್ಟ್ ಒಣಗಿದ್ದಕ್ಕಿಂತ ಕಪ್ಪಗೆ ಕಾಣುತ್ತದೆ. ನೀರಲ್ಲಿ ಸರಿಯಾದ ಬೂದಿ ಕಂಡಿತು ಅಂತ ಎತ್ತಿದರೆ, ಒಣಗಿದ ಮೇಲೆ ಸುಣ್ಣ ಬಳಿದ ಹಾಗಿರುತ್ತದೆ. ಬೇಕಾದ್ದಕ್ಕಿಂತ ಒಂದು ಛಾಯೆ ಕಪ್ಪಗಿದ್ದಾಗಲೇ ತೆಗೆದು, ತೊಳೆದು, ಪೂರ್ತಿ ಒಣಗಿಸಿ ನೋಡಿ. ಸಾಲದಿದ್ದರೆ ಮತ್ತೆ ಅದ್ದಬಹುದು. ಅಂಕಿಗಳು ಬೆಳ್ಳಿ ಬಣ್ಣದವು, ಹಿನ್ನೆಲೆಯ ಕಪ್ಪಿನಿಂದಲೇ ಓದಲು ಬರುತ್ತವೆ. ಹಿನ್ನೆಲೆ ತೀರಾ ಬೆಳ್ಳಗಾದರೆ ಅಂಕಿಗಳೇ ಕಾಣೆಯಾಗುತ್ತವೆ. ಬ್ಲೀಚ್‌ನಲ್ಲಿ ಕ್ಷಾರವೂ ಇರುವುದರಿಂದ ಇನ್ನೂ ಬಿಟ್ಟರೆ ಅದು ಆಕ್ಸೈಡ್ ಪದರವನ್ನೇ ತಿನ್ನುತ್ತದೆ. ಅಂಚಿನಿಂದ ಸಣ್ಣ ಗುಳ್ಳೆ ಸಾಲಾಗಿ ಏಳತೊಡಗಿದರೆ ಬರೀ ಲೋಹ ಸಿಕ್ಕಿದೆ ಅಂತ ಅರ್ಥ, ತಕ್ಷಣ ಎತ್ತಿ.

ಸುತ್ತಲೂ ಒಂದೇ ಸಮ ಮಾಸಿದ್ದು ನಕಲಿಯಂತೆ ಕಾಣುತ್ತದೆ. ಕೊನೆಯ ಸುತ್ತಿನಲ್ಲಿ ಬ್ಲೀಚ್ ಅದ್ದಿದ ಇಯರ್ ಬಡ್‌ನಿಂದ ಒಂದು ಪಕ್ಕವನ್ನಷ್ಟೇ, ಉದಾಹರಣೆಗೆ 20ರಿಂದ 35ರವರೆಗೆ, ಸವರಿ. ಗೆರೆ ಬೀಳದಂತೆ ತುದಿಗಳಲ್ಲಿ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ನೀಲಿ–ಕೆಂಪು ಇನ್ಸರ್ಟಿನಲ್ಲಿ ಎರಡು ಬಣ್ಣಗಳೂ ಒಂದೇ ವೇಗದಲ್ಲಿ ಹೋಗುವುದಿಲ್ಲ, ಅಲ್ಲಿ ಅದ್ದುವುದಕ್ಕಿಂತ ಹೀಗೆ ಸವರುವುದೇ ವಾಸಿ.

ಮುಗಿದ ಮೇಲೆ ಹರಿಯುವ ನೀರಲ್ಲಿ ಐದು ನಿಮಿಷ ತೊಳೆಯಿರಿ. ಬ್ಲೀಚ್ ರಂಧ್ರಗಳನ್ನು ತೆರೆದಿರುವುದರಿಂದ ಬೆವರು, ಎಣ್ಣೆ ಸುಲಭವಾಗಿ ಹಿಡಿಯುತ್ತವೆ. ಡಿಸ್ಟಿಲ್ಡ್ ನೀರಲ್ಲಿ 20–30 ನಿಮಿಷ ಕುದಿಸಿದರೆ ಆಕ್ಸೈಡ್ ನೀರು ಹೀರಿ ಉಬ್ಬಿ ರಂಧ್ರ ಮುಚ್ಚಿಕೊಳ್ಳುತ್ತದೆ. ಬೋರ್‌ವೆಲ್ ನೀರು ಬೇಡ, ಅದರ ಗಡಸು ಬಿಳಿ ಕಲೆಯಾಗಿ ಕೂರುತ್ತದೆ. ಬ್ಯಾಟರಿಗೆ ಹಾಕುವ ನೀರಿನ ಕ್ಯಾನ್ ಸಾಕು.

ತೆಗೆದಿಟ್ಟ ಹೊಸ ಚುಕ್ಕೆಯ ಹಾಲುಬಿಳುಪು ಈ ಬೂದಿಯ ನಡುವೆ ಕಣ್ಣಿಗೆ ಹೊಡೆಯುತ್ತದೆ. ಕಂದು ಅಕ್ರಿಲಿಕ್ ಬಣ್ಣ ಒಂದು ಹನಿಗೆ ಹತ್ತು ಹನಿ ನೀರು ಬೆರೆಸಿ, ತೆಳು ಕುಂಚದಲ್ಲಿ ಮುಟ್ಟಿಸಿ, ತಕ್ಷಣ ಒರೆಸಿ. ಕೆನೆಬಣ್ಣ ಬರುವವರೆಗೆ ಎರಡು ಮೂರು ಸಲ. ಅದನ್ನು ಕೂರಿಸಿ, ಇನ್ಸರ್ಟಿನ ಹಿಂದೆ ಡಬಲ್ ಟೇಪಿನ ಬಳೆ ಅಂಟಿಸಿ. ಬೆಝಲನ್ನು ಒಂದು ಕ್ಲಿಕ್ಕಿನಲ್ಲಿ ನಿಲ್ಲಿಸಿಕೊಂಡು, ಚುಕ್ಕೆ ಡಯಲಿನ 12ಕ್ಕೆ ನೇರವಾಗಿರುವುದನ್ನು ನೋಡಿಕೊಂಡೇ ಹೆಬ್ಬೆರಳಿನಿಂದ ಸುತ್ತ ಒತ್ತಿ. ಅಂಟಿದ ಮೇಲೆ ಕಿತ್ತರೆ ಇನ್ಸರ್ಟ್ ಬಾಗುತ್ತದೆ. ಮಾರುವುದಾದರೆ ಬಣ್ಣ ನೀವೇ ಮಾಸಿಸಿದ್ದು ಅಂತ ಕೊಳ್ಳುವವರಿಗೆ ಹೇಳಿಯೇ ಮಾರಿ.