ಪಿಡಿಎಫ್ ಕಳಿಸಿದರೆ ಸಾಲದು

ಕಣ್ಣು ಕಾಣದ ವಿದ್ಯಾರ್ಥಿಯೊಬ್ಬನಿಗೆ ನೋಟ್ಸ್ ಕಳಿಸಿದ್ದೆ. ಅವನ ಕಂಪ್ಯೂಟರ್‌ನಲ್ಲಿ 2006ರಲ್ಲಿ ಶುರುವಾದ, ದುಡ್ಡು ಕೊಡದೆ ಸಿಗುವ ಎನ್‌ವಿಡಿಎ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಇತ್ತು, ಆದರೆ ಅದು ಒಂದು ಪದವನ್ನೂ ಓದಲಿಲ್ಲ. ನಾನು ಕಳಿಸಿದ್ದು ಸ್ಕ್ಯಾನ್ ಮಾಡಿದ ಪುಟ, ಅಂದರೆ ಬರೀ ಫೋಟೋ, ಅದರಲ್ಲಿ ಓದಲು ಅಕ್ಷರವೇ ಇರಲಿಲ್ಲ! ಅವತ್ತು ರಾತ್ರಿಯೇ ಎಲ್ಲವನ್ನೂ, ಕಂಪ್ಯೂಟರ್ ಅಕ್ಷರವೆಂದೇ ಗುರುತಿಸುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿದೆ. ಶೀರ್ಷಿಕೆಗಳಿಗೆ ಹೆಡಿಂಗ್ ಸ್ಟೈಲ್ ಕೊಟ್ಟೆ, ಚಿತ್ರಗಳಿಗೆ ಎರಡು ಸಾಲಿನ ವಿವರಣೆ ಬರೆದೆ. ಮರುದಿನ ಅವನು ಒಂದು ಹೆಡಿಂಗ್‌ನಿಂದ ಮುಂದಿನದಕ್ಕೆ ಕರೆದೊಯ್ಯುವ ಎಚ್ ಕೀ ಒತ್ತುತ್ತಾ ಪಾಠದಿಂದ ಪಾಠಕ್ಕೆ ಹಾರುತ್ತಿದ್ದ, ನಾನು ಪುಟ ಮಗುಚುವುದಕ್ಕಿಂತ ಬೇಗ.

ಆದರೆ ಕೇಳಿದರಷ್ಟೇ ಕಾಗುಣಿತ ಬರುವುದಿಲ್ಲ, ಅಲ್ವಾ? ಬೆರಳಿಗೆ ಅಕ್ಷರ ಸಿಗಬೇಕು. ಪರದೆಯ ಅಕ್ಷರವನ್ನು ಬೆರಳಿಗೆ ಸಿಗುವ ಉಬ್ಬು ಚುಕ್ಕಿಗಳಾಗಿ ತೋರಿಸುವ ಬ್ರೈಲ್ ಡಿಸ್‌ಪ್ಲೇ ತುಂಬಾ ದುಬಾರಿ. ಆದರೂ ಮೊದಲು ಅದು ಮಕ್ಕಳ ಕೈಗೆ ಸಿಗಲಿ.