ರಸ್ತೆ ಮೇಲೆ, ಕಾಡು ಕೆಳಗೆ: ಸ್ಕೂಟರ್‌ನಲ್ಲಿ ಪೆಂಚ್ ದಾಟಿದ್ದು

ಗುಂಡ್ಲುಪೇಟೆಯಿಂದ ಶ್ರೀನಗರಕ್ಕೆ 110 ಸಿಸಿ ಸ್ಕೂಟರ್‌ನಲ್ಲಿ ಹೋದೆ ಅಂದರೆ ಎಲ್ಲರೂ ಕೇಳುವುದು ಕಾಶ್ಮೀರದ ಬಗ್ಗೆ. ದಾಲ್ ಸರೋವರ ಚೆನ್ನಾಗಿದೆ, ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನ್ನ ತಲೆಯಿಂದ ಹೋಗದೆ ಕೂತಿರುವುದು ನಾಗಪುರದ ಆಚೆ ಸಿಗುವ ಒಂದು ಕಾಡಿನ ರಸ್ತೆ.

ಬೆಂಗಳೂರು ಬಿಟ್ಟರೆ ಶ್ರೀನಗರದವರೆಗೂ ಒಂದೇ ಹೆದ್ದಾರಿ, 44. ಸ್ಕೂಟರ್‌ಗೆ ಟೋಲ್ ಇಲ್ಲ. ಗಂಟೆಗೆ 50 ಕಿ.ಮೀ. ದಾಟಿಸಲಿಲ್ಲ. ಟ್ಯಾಂಕು ಹಿಡಿಯುವುದೇ ಐದು ಲೀಟರ್ ಚಿಲ್ಲರೆ, ಹಾಗಾಗಿ 150 ಕಿ.ಮೀ. ಆಗುತ್ತಿದ್ದಂತೆ ಬಂಕ್ ಹುಡುಕುವುದು. ಅನಂತಪುರ, ಕರ್ನೂಲು, ಹೈದರಾಬಾದ್ ಎಲ್ಲ ಬಿಸಿಲು ಮತ್ತು ಲಾರಿಗಳಲ್ಲೇ ಕಳೆದುಹೋಯಿತು.

ನಿರ್ಮಲ್ ದಾಟಿ ಆದಿಲಾಬಾದ್ ಕಡೆ ಹೋಗುವಾಗ ಗಾಡಿ ಕೈಕೊಟ್ಟಿತು. ಎಂಜಿನ್ ಕೂಗುತ್ತಿದೆ, ಚಕ್ರ ತಿರುಗುತ್ತಿಲ್ಲ. ಡ್ರೈವ್ ಬೆಲ್ಟ್ ತುಂಡಾಗಿತ್ತು. ಹೊರಡುವ ಮೊದಲು ಸರ್ವಿಸ್‌ಗೆ ಬಿಟ್ಟಾಗ ಬೆಲ್ಟ್ ಬದಲಿಸಿ ಅಂತ ಎರಡೆರಡು ಸಲ ಹೇಳಿದ್ದೆ. ಬಿಲ್ಲಿನಲ್ಲಿ ದುಡ್ಡೂ ಹಾಕಿದ್ದರು. ಕವರ್ ಬಿಚ್ಚಿ ನೋಡಿದರೆ ಒಳಗೆ ಹಳೇ ಬೆಲ್ಟೇ, ಮೈಯೆಲ್ಲ ಬಿರುಕು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಹೆದ್ದಾರಿ ಬದಿಯ ಮೆಕ್ಯಾನಿಕ್ ಹತ್ತಿರ ಇದ್ದದ್ದು ಬರೀ ಲಾರಿ ಸಾಮಾನು. ಆದಿಲಾಬಾದ್‌ಗೆ ಅವನೇ ಫೋನ್ ಮಾಡಿ ಬಸ್ಸಿನಲ್ಲಿ ಬೆಲ್ಟ್ ತರಿಸಿದ, ಅಷ್ಟರಲ್ಲಿ ಕತ್ತಲಾಗಿತ್ತು. ಸ್ಕೂಟರ್‌ನಲ್ಲಿ ದೂರ ಹೋಗುವವರು ಸರ್ವಿಸ್ ಮಾಡಿಸುವಾಗ ಪಕ್ಕದಲ್ಲೇ ನಿಂತಿರಿ, ಬಿಚ್ಚಿದ ಹಳೇ ಬೆಲ್ಟನ್ನು ಕೈಗೆ ಇಸ್ಕೊಳ್ಳಿ. ಒಂದು ಹೊಸ ಬೆಲ್ಟ್, ಒಂದು 8 ಎಂಎಂ ಟಿ-ಸ್ಪ್ಯಾನರ್ ಸೀಟಿನ ಕೆಳಗೆ ಇರಲೇಬೇಕು.

ನಾಗಪುರದ ತರ್ರಿ ಪೋಹಾ ಆ ಸಿಟ್ಟನ್ನು ಸ್ವಲ್ಪ ಇಳಿಸಿತು. ಅವಲಕ್ಕಿ ಮೇಲೆ ಕಡಲೆಕಾಳಿನ ಖಾರದ ಸಾರು, ಮೂಗಿನಲ್ಲಿ ನೀರು ಬರುವಷ್ಟು ಖಾರ. ದಾರಿಯುದ್ದಕ್ಕೂ ಢಾಬಾಗಳಲ್ಲಿ ಕೊಡುವ ಸಿಹಿ ಸಿಹಿ ಪನೀರ್‌ಗಿಂತ ಇದು ಎಷ್ಟೋ ಮೇಲು.

ಮನ್ಸರ್, ದೇವಲಾಪಾರ್ ದಾಟಿದರೆ ಪೆಂಚ್ ಹುಲಿ ಕಾಡು. ಖವಾಸಾ ಹತ್ತಿರ ಮಧ್ಯಪ್ರದೇಶ ಶುರು. ಅಲ್ಲಿಂದ ಮುಂದೆ ರಸ್ತೆ ಆಗಾಗ ಕಂಬಗಳ ಮೇಲೆ ಏರುತ್ತದೆ. ಎರಡೂ ಬದಿ ಆಳೆತ್ತರಕ್ಕೂ ಮೀರಿದ ತಗಡಿನ ಗೋಡೆ. ಊರು ಬಂತೇನೋ, ಫ್ಲೈಓವರ್ ಇರಬೇಕು ಅಂದುಕೊಂಡೆ. ಊರಿಲ್ಲ, ಕೆಳಗೆ ಬರೀ ತೇಗದ ಕಾಡು.

ಮುಂದೆ ಚಹಾದಂಗಡಿಯಲ್ಲಿ ಕೇಳಿದೆ. ಅಂಗಡಿಯವರು ವಯಸ್ಸಾದವರು. ಒಲೆ ಸಣ್ಣ ಮಾಡಿ, "ಬನ್ನಿ ತೋರಿಸ್ತೀನಿ" ಅಂತ ಹಿಂದೆ ಕರೆದುಕೊಂಡು ಹೋದರು. ಸ್ವಲ್ಪ ದೂರದಲ್ಲಿ ಕಂಬಗಳ ಸಾಲು ಕಾಣುತ್ತಿತ್ತು. "ಅಲ್ಲಿಗೆ ಹೋಗೋ ಹಾಗಿಲ್ಲ, ಇಲ್ಲಿಂದಲೇ ನೋಡಿ. ಆ ಗೋಡೆ ಇರೋದು ಗಾಡಿಗಳ ಲೈಟು, ಸದ್ದು ಕಾಡಿಗೆ ಬೀಳದೆ ಇರಲಿ ಅಂತ. ಪ್ರಾಣಿಗಳು ಕೆಳಗೆ ದಾಟ್ತವೆ."

ನಮ್ಮ ಕಾಲ ಬುಡದಲ್ಲೇ ಒಣಗಿದ ಕೆಸರಿನಲ್ಲಿ ಗೊರಸಿನ ಗುರುತು. ಜಿಂಕೆಯದು, ಎರಡು ಸೀಳಾಗಿ ಚೂಪಾಗಿ ಅಚ್ಚೊತ್ತಿತ್ತು. ಗುರುತೆಲ್ಲ ಕಂಬಗಳ ಕಡೆಗೇ ಮುಖ ಮಾಡಿದ್ದವು. ಮೇಲೆ ಲಾರಿ ಹೋದಾಗ ಸೇತುವೆಯ ಸಂದಿನಲ್ಲಿ ದಡ್ ದಡ್ ಸದ್ದು, ಅಷ್ಟೇ.

ಮಹಾರಾಷ್ಟ್ರದ ಕಡೆಯೂ ಇಂಥ ಒಂಬತ್ತು ದಾರಿಗಳಿವೆ, ದೊಡ್ಡದು 750 ಮೀಟರ್. 2019ರಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆಯವರು ಅಲ್ಲಿ ಕ್ಯಾಮೆರಾ ಇಟ್ಟಾಗ 18 ಜಾತಿಯ ಕಾಡುಪ್ರಾಣಿಗಳು ಸಿಕ್ಕವು. ಅದರಲ್ಲಿ ಬೇರೆ ಬೇರೆ 11 ಹುಲಿಗಳಿದ್ದವು.

ನಾನು ಅಂಗಡಿಯವರಿಗೆ ಬಂಡೀಪುರ ಕಾಡಿನ ರಸ್ತೆಯ ವಿಷಯ ಹೇಳಿದೆ. ನಮ್ಮಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಹಾಕುತ್ತಾರೆ, ಆಂಬುಲೆನ್ಸ್ ಮತ್ತು ಕೆಲವೇ ಬಸ್ ಬಿಟ್ಟರೆ ಯಾವ ಗಾಡಿಯೂ ಹೋಗುವ ಹಾಗಿಲ್ಲ ಅಂದೆ.

"ದಿನಾ ರಾತ್ರಿನಾ? ಲಾರಿಯವರು ಸುಮ್ನಿರ್ತಾರಾ?"

"2009ರಿಂದ ಹೀಗೇ. ತೆಗೀರಿ ಅಂತ ಕೇರಳದ ಕಡೆಯವರು ಕೇಳ್ತಾನೇ ಇದ್ದಾರೆ. ಹೀಗೆ ಕಂಬದ ಮೇಲೆ ರಸ್ತೆ ಮಾಡೋಣ ಅನ್ನೋ ಮಾತೂ ಬಂದಿತ್ತು."

ಅವರು ಚಹಾ ಸೋಸುತ್ತಾ ತಲೆ ಅಲ್ಲಾಡಿಸಿದರು. "ಬೇಡ. ಗೇಟು ಹಾಕೋಕೆ ಆಗುತ್ತೆ ಅಂದ್ರೆ ಗೇಟೇ ಒಳ್ಳೇದು. ಇದನ್ನ ಕಟ್ಟೋವಾಗ ಎಷ್ಟು ಮರ ಹೋಯ್ತು, ಎಷ್ಟು ವರ್ಷ ಧೂಳು, ನಾನು ನೋಡಿದ್ದೀನಿ. ಇಲ್ಲಿ ಲಾರಿ ನಿಲ್ಸೋಕೆ ಯಾರಿಗೂ ಆಗಲ್ಲ, ಅದಕ್ಕೇ ಇದು ಬೇಕಾಯ್ತು."

ಸೇತುವೆ ನೋಡಿ ಬೆರಗಾಗಿದ್ದ ನನಗೆ ಆ ಮಾತು ಚುರುಕ್ ಅಂತು. ಕೆಳಗೆ ಜಿಂಕೆ ಓಡಾಡುವ ಆ ರಸ್ತೆ ನನಗೆ ತುಂಬಾ ಇಷ್ಟವಾಯಿತು, ಪ್ರಾಣಿಗಳಿಗೆ ಇಂಥ ದಾರಿ ಬೇಕು ಅಂತ ಹೋರಾಡಿದವರ ಮೇಲೆ ಗೌರವ ಬಂತು. ದಕ್ಷಿಣ, ಉತ್ತರವನ್ನು ಜೋಡಿಸುವ ಹೆದ್ದಾರಿಗೆ ಅದೇ ಸರಿ. ಆದರೆ ನಮ್ಮ ರಸ್ತೆಗೆ ಗೇಟು ಸಾಕು. ಒಂಬತ್ತಾದ ಮೇಲೆ ಗಾಡಿಯೇ ಇಲ್ಲದ ಕಾಡಿನಲ್ಲಿ ಆನೆಗೆ ಸೇತುವೆ ಯಾಕೆ ಬೇಕು ಹೇಳಿ?

ಚಹಾದ ದುಡ್ಡು ತಗೊಳ್ಳಲಿಲ್ಲ. "ಕುರೈ ಘಾಟಿ ಬೆಳಕಿರುವಾಗಲೇ ದಾಟಿ, ಭೈಯಾ" ಅಂದರು. ದಾಟಿದೆ. ಸಿವನಿಯಲ್ಲಿ ಉಳಿದೆ. ಆಮೇಲೆ ಝಾನ್ಸಿ, ಗ್ವಾಲಿಯರ್, ದೆಹಲಿ, ಲುಧಿಯಾನ, ಸುರಂಗ ದಾಟಿ ಶ್ರೀನಗರ. ವಾಪಸ್ಸು ಬರುವಾಗ ಜಮ್ಮುವಿನಲ್ಲಿ ಸ್ಕೂಟರನ್ನು ರೈಲಿಗೆ ಪಾರ್ಸೆಲ್ ಹಾಕಿದೆ. ಟ್ಯಾಂಕು ಪೂರ್ತಿ ಖಾಲಿ ಇರಬೇಕು, ಆರ್‌ಸಿ ಪ್ರತಿ ಕೊಡಬೇಕು, ಗೋಣಿ ಸುತ್ತುವವರ ಹತ್ತಿರ ದರ ಮೊದಲೇ ಮಾತಾಡಿಕೊಳ್ಳಬೇಕು.